ಗಣಕಯಂತ್ರದ ‘ಬಸ್’: ಶಬ್ದವಿಚಾರವೂ ಇತಿಹಾಸವೂ

ಹಳಿಯಾಳದಿಂದ ದಾಂಡೇಲಿಗೂ ದಾಂಡೇಲಿಯಿಂದ ಜೋಯಿಡೆಗೂ ಓಡಾಡುವ ಮೋಟಾರುಗಾಡಿಗೆ ನಮ್ಮ ಜನರು ‘ಬಸ್’ ಎನ್ನುತ್ತಾರೆ. ಅದನ್ನು ನಡೆಯಿಸುವವನಿಗೆ ‘ಡ್ರೈವರ್’ ಎನ್ನುತ್ತಾರೆ. ಈ ಎರಡು ಶಬ್ದಗಳು ಗಣಕಯಂತ್ರದ ಶಾಸ್ತ್ರದಲ್ಲಿಯೂ ಇರುವವೆಂಬದೂ, ಅಲ್ಲಿಯೂ ಒಂದಕ್ಕೆ ಮತ್ತೊಂದರ ಆಕಾಂಕ್ಷೆಯುಂಟೆಂಬದೂ ನನಗೆ ಒಂದು ಓಲೆಗರಿಯ ಕಟ್ಟಿನ ನಿಮಿತ್ತದಿಂದ ತಿಳಿದುಬಂದಿತು. ಆ ನಿಮಿತ್ತವನ್ನು ಕೊನೆಯಲ್ಲಿ ನಿವೇದಿಸುವೆನು. ಪಾಠಶಾಲೆಯಲ್ಲಿ ಕೌಮುದಿಯನ್ನೋದಿ ಬೆಳೆದವನು ಯಂತ್ರವಿದ್ಯೆಯನ್ನು ಕುರಿತು ಬರೆಯುವದು ಅನಧಿಕಾರಚೇಷ್ಟೆಯೆಂದು ಕೆಲವು ವಾಚಕರಿಗೆ ತೋರಬಹುದು. ಆದರೆ ವಿಷಯದೊಳಗೆ ಇಳಿದಂತೆ ಇಲ್ಲಿಯ ಪ್ರಶ್ನೆಯು ಬಹುಮಟ್ಟಿಗೆ ವ್ಯಾಕರಣದ್ದೇ ಎಂದು ನನಗೆ ಮನವರಿಕೆಯಾಗಿದೆ. ಒಬ್ಬ ತಯಾರಕನು ತನ್ನ ಯಂತ್ರಕ್ಕೆಂದೇ ಕಟ್ಟಿ, ತನ್ನಲ್ಲಿಯೇ ಇಟ್ಟುಕೊಂಡ ಬಸ್ಸಿಗೆ ಡ್ರೈವರನ್ನು ಬರೆಯುವದೆಂದರೇನು, ಆ ಕಾರ್ಯದ ಪೂರ್ವೇತಿಹಾಸವೇನು, ನಮ್ಮ ಕರ್ನಾಟಕದಲ್ಲಿ ಅದು ಎಲ್ಲಿ ನಡೆದಿದೆ, ಎಂಬಿಷ್ಟನ್ನು ಇಲ್ಲಿ ವಿಚಾರಿಸಲುದ್ದೇಶಿಸಿದ್ದೇನೆ.

ಮೊದಲು ಶಬ್ದವಿಚಾರ. ‘ಬಸ್’ ಎಂಬದು ಸ್ವತಂತ್ರವಾದ ಪದವಲ್ಲ. ‘ಓಮ್ನಿಬಸ್’ ಎಂಬ ಲ್ಯಾಟಿನ್ ಪದದ ಬಾಲ. ‘ಓಮ್ನಿಸ್’ ಎಂದರೆ ಸರ್ವ. ಅದರ ಚತುರ್ಥೀ ಬಹುವಚನವು ‘ಓಮ್ನಿಬಸ್’, ಅಂದರೆ ‘ಸರ್ವೇಭ್ಯಃ’, ಎಲ್ಲರಿಗಾಗಿ. 1820ರ ದಶಕದಲ್ಲಿ ಫ್ರಾನ್ಸ್ ದೇಶದ ನಾಂತ್ ಪಟ್ಟಣದಲ್ಲಿ, ಹಣ ಕೊಟ್ಟ ಯಾರನ್ನಾದರೂ ಹತ್ತಿಸಿಕೊಳ್ಳುವ ಕುದುರೆಗಾಡಿಗೆ ಈ ಹೆಸರು ಬಿದ್ದಿತು. ಅದು 1828ರಲ್ಲಿ ಪ್ಯಾರಿಸ್ಸಿಗೂ 1829ರಲ್ಲಿ ಲಂಡನ್ನಿಗೂ ಹೋಯಿತು. ಆಮೇಲೆ ಜನರ ನಾಲಗೆಯು ಪ್ರಕೃತಿಯನ್ನು ಕೈಬಿಟ್ಟು ಪ್ರತ್ಯಯವೊಂದನ್ನೇ ಉಳಿಸಿಕೊಂಡಿತು. ಪ್ರಕೃತಿಯು ಪೂರ್ಣ ಲೋಪವಾಗಿ ಪ್ರತ್ಯಯವೇ ಪದವಾಗಿ ನಿಲ್ಲುವದಕ್ಕೆ ನಮ್ಮಲ್ಲಿ ‘ಇಯಾನ್’ ಎಂಬ ರೂಪವನ್ನು ವೈಯಾಕರಣರು ವಿನೋದದಿಂದ ಉದಾಹರಿಸುವದುಂಟು. ‘ಬಸ್’ ಎಂಬದು ಅದರ ಪಾಶ್ಚಾತ್ಯ ಸೋದರ. ಇನ್ನೂ ಒಂದು ಮಾತು. ಪಾಣಿನಿಯು ಚತುರ್ಥಾಧ್ಯಾಯದ ಮೊದಲ ಪಾದದ ಎರಡನೆಯ ಸೂತ್ರದಲ್ಲಿ ಇಪ್ಪತ್ತೊಂದು ವಿಭಕ್ತಿಪ್ರತ್ಯಯಗಳನ್ನು ಪಠಿಸಿದ್ದಾನಷ್ಟೆ. ಅಲ್ಲಿ ಚತುರ್ಥಿಗೊಮ್ಮೆ, ಪಂಚಮಿಗೊಮ್ಮೆ, ಹೀಗೆ ಎರಡಾವೃತ್ತಿ ಬರುವ ‘ಭ್ಯಸ್’ ಪ್ರತ್ಯಯಕ್ಕೂ ಲ್ಯಾಟಿನ್ನಿನ ‘ಬಸ್’ ಪ್ರತ್ಯಯಕ್ಕೂ ರಕ್ತಸಂಬಂಧವುಂಟೆಂದು ತುಲನಾತ್ಮಕ ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ನಡುವಣ ಯಕಾರದ ವಿಷಯದಲ್ಲಿ ಸ್ವಲ್ಪ ಚರ್ಚೆಯಿದ್ದರೂ ಭಕಾರ ಸಕಾರಗಳ ಸಾಜಾತ್ಯದಲ್ಲಿ ಸಂಶಯವಿಲ್ಲ. ಆದುದರಿಂದ ದಾಂಡೇಲಿಯ ನಿಲ್ದಾಣದಲ್ಲಿ ‘ಬಸ್ಸು ಬಂದಿತು’ ಎನ್ನುವ ರೈತನು ತಿಳಿಯದೆಯೇ ಒಂದು ಪ್ರಾಚೀನ ಚತುರ್ಥಿಯನ್ನು ಉಚ್ಚರಿಸುತ್ತಾನೆ.

ಗಾಡಿಯ ಹೆಸರು ಯಂತ್ರದೊಳಗೆ ಹೊಕ್ಕಿದ್ದು ವಿದ್ಯುತ್ತಿನ ಮಾರ್ಗವಾಗಿ. ಹತ್ತೊಂಬತ್ತನೆಯ ಶತಕದ ಉತ್ತರಾರ್ಧದಲ್ಲಿ ವಿದ್ಯುದಾಗಾರಗಳೊಳಗೆ, ಎಲ್ಲ ಉತ್ಪಾದಕಗಳೂ ತಮ್ಮ ವಿದ್ಯುತ್ತನ್ನು ತಂದು ಸುರಿಯುವ, ಎಲ್ಲ ತಂತಿಗಳೂ ಅಲ್ಲಿಂದಲೇ ಎತ್ತಿಕೊಳ್ಳುವ ದಪ್ಪನಾದ ಲೋಹದ ಪಟ್ಟಿಗೆ ‘ಓಮ್ನಿಬಸ್ ಬಾರ್’ ಎಂದರು. ಕಾಲಕ್ರಮದಿಂದ ಅದು ‘ಬಸ್‌ಬಾರ್’ ಆಯಿತು. ಸೂಪಾ ಅಣೆಕಟ್ಟಿನ ಹಿಂದೆ ನಿಂತ ಕಾಳೀನದಿಯ ನೀರು ಅಂಬಿಕಾನಗರದ ಹತ್ತಿರ ನಾಗಝರಿಯ ವಿದ್ಯುದಾಗಾರದಲ್ಲಿ ಚಕ್ರಗಳನ್ನು ತಿರುಗಿಸುವದು ನಮ್ಮ ಸೀಮೆಯವರಿಗೆಲ್ಲ ಗೊತ್ತು. ಅಂಥ ಯಾವ ಆಗಾರದಲ್ಲಿಯೂ ಬಸ್‌ಬಾರ್ ಇಲ್ಲದೆ ನಡೆಯದು. ಗಣಕಯಂತ್ರದ ಬಸ್ ಇದರದೇ ಸೂಕ್ಷ್ಮರೂಪ. ಯಂತ್ರದ ಬುದ್ಧಿಸ್ಥಾನವಾದ ಪ್ರೊಸೆಸರು, ಸ್ಮೃತಿ, ಮುದ್ರಣಯಂತ್ರ, ತಟ್ಟೆ ಮುಂತಾದ ಉಪಕರಣಗಳು ಒಂದೇ ತಂತಿಗುಂಪಿಗೆ ತಗಲಿಕೊಂಡಿರುತ್ತವೆ. ಕೆಲವು ತಂತಿಗಳಲ್ಲಿ ‘ಯಾರಿಗೆ’ ಎಂಬ ವಿಳಾಸವೂ, ಕೆಲವುಗಳಲ್ಲಿ ‘ಏನು’ ಎಂಬ ದತ್ತಾಂಶವೂ, ಉಳಿದವುಗಳಲ್ಲಿ ‘ಓದು, ಬರೆ, ತಡೆ’ ಎಂಬ ಆಜ್ಞೆಗಳೂ ಸಂಚರಿಸುತ್ತವೆ. ವಿಳಾಸವನ್ನು ಎಲ್ಲರೂ ಕೇಳುತ್ತಾರೆ; ಯಾರದೋ ಅವನೊಬ್ಬನೇ ಉತ್ತರ ಕೊಡುತ್ತಾನೆ.

ಇಂತಿರುವಲ್ಲಿ ‘ಒಬ್ಬ ತಯಾರಕನ ಸ್ವಂತದ ಬಸ್’ ಎಂಬ ಮಾತು ‘ನನ್ನ ತಾಯಿ ಬಂಜೆ’ ಎಂಬಂತೆ ವದತೋವ್ಯಾಘಾತ. ಸರ್ವರಿಗಾಗಿ ಎಂಬರ್ಥದ ಶಬ್ದಕ್ಕೆ ‘ಒಬ್ಬನದು’ ಎಂಬ ವಿಶೇಷಣವು ಹೊಂದುವದಿಲ್ಲ. ಆದರೂ ಲೋಕದಲ್ಲಿ ಇಂಥ ಬಸ್ಸುಗಳು ಹೇರಳವಾಗಿ ಹುಟ್ಟಿದವು. ಹುಟ್ಟಿದವುಗಳಲ್ಲಿ ಬಹಳಷ್ಟು ಸತ್ತವು.

ಡ್ರೈವರಿನ ಸ್ವರೂಪವನ್ನು ತಿಳಿಯದೆ ಈ ಇತಿಹಾಸವು ತಿಳಿಯದು. ಗಣಕದ ಕಾರ್ಯವ್ಯವಸ್ಥೆಯ ಗರ್ಭಭಾಗಕ್ಕೆ ‘ಕರ್ನಲ್’ ಎಂದು ಹೆಸರು. ಸಾಮಾನ್ಯ ಬಳಕೆದಾರನು ಬರೆದ ಕ್ರಮವಿಧಿಗಳು ಉಪಕರಣಗಳನ್ನು ನೇರವಾಗಿ ಮುಟ್ಟಕೂಡದು. ‘ತೆರೆ, ಓದು, ಬರೆ, ಮುಚ್ಚು’ ಎಂದು ಕರ್ನಲಿಗೆ ವಿಜ್ಞಾಪಿಸಿಕೊಳ್ಳಬೇಕು. ಈ ನಾಲ್ಕು ಮಾತುಗಳು ಎಲ್ಲ ಉಪಕರಣಗಳಿಗೂ ಸಮಾನ. ಆದರೆ ಮುದ್ರಣಯಂತ್ರಕ್ಕೆ ಬರೆಯುವ ರೀತಿ ಬೇರೆ, ತಟ್ಟೆಗೆ ಬರೆಯುವ ರೀತಿ ಬೇರೆ. ಚತುರ್ಥೀ ಏಕವಚನದ ‘ಙೇ’ ಪ್ರತ್ಯಯವು ಒಂದೇ ಆಗಿದ್ದರೂ ರಾಮಶಬ್ದದ ಮೇಲೆ ‘ರಾಮಾಯ’, ಹರಿಶಬ್ದದ ಮೇಲೆ ‘ಹರಯೇ’ ಎಂದು ರೂಪಭೇದವಾಗುವದಿಲ್ಲವೆ? ವಿಭಕ್ತಿಯ ಅರ್ಥವನ್ನು ಕರ್ನಲು ಬಲ್ಲದು. ಆಯಾ ಪ್ರಕೃತಿಗೆ ತಕ್ಕ ರೂಪವನ್ನು ಸಾಧಿಸಿಕೊಡುವ ವಿಶೇಷಶಾಸ್ತ್ರವೇ ಡ್ರೈವರ್. ಕನ್ನಡದ ಉದಾಹರಣೆ ಬೇಕಾದರೆ, ಬಹುವಚನಕ್ಕೆ ‘ಗಳು’ ಎಂಬದು ಉತ್ಸರ್ಗ. ‘ಅರಸರು’ ಎಂಬಲ್ಲಿ ‘ಅರು’ ಬಂದು ಅದನ್ನು ಬಾಧಿಸುವದು ಅಪವಾದ. ಕರ್ನಲು ಉತ್ಸರ್ಗಗಳ ರಾಶಿ, ಡ್ರೈವರುಗಳು ಅಪವಾದಗಳ ರಾಶಿ. ನಮ್ಮ ಶಾಸ್ತ್ರದಲ್ಲಿಯಂತೆಯೇ ಅಲ್ಲಿಯೂ ಅಪವಾದಗಳ ಗ್ರಂಥಭಾಗವೇ ಹೆಚ್ಚು: ಲಿನಕ್ಸ್ ಎಂಬ ಕರ್ನಲಿನ ಮೂಲಪಾಠದಲ್ಲಿ ಅರ್ಧಕ್ಕಿಂತ ಮಿಕ್ಕ ಭಾಗವು ಡ್ರೈವರುಗಳದೇ ಆಗಿದೆ.

ಇನ್ನು ಇತಿಹಾಸ. 1970ರಲ್ಲಿ ಅಮೇರಿಕೆಯ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಶನ್ ಎಂಬ ಕಂಪನಿಯು ತನ್ನ ಪಿಡಿಪಿ-8/ಇ ಯಂತ್ರದ ಬಸ್ಸಿಗೆ ‘ಓಮ್ನಿಬಸ್’ ಎಂದೇ ನಾಮಕರಣ ಮಾಡಿತು. ಅದೇ ವರ್ಷದ ಪಿಡಿಪಿ-11 ಯಂತ್ರದ ಬಸ್ಸಿಗೆ ‘ಯೂನಿಬಸ್’ ಎಂದಿತು. ‘ಸರ್ವ’ ಹೋಗಿ ‘ಏಕ’ ಬಂದಿತು. ಎಲ್ಲಕ್ಕೂ ಒಂದೇ ಬಸ್ ಎಂದು ಅವರ ವಿವಕ್ಷೆ. ಯೂನಿಬಸ್ಸಿನಲ್ಲಿ ದತ್ತಾಂಶಕ್ಕೆ 16, ವಿಳಾಸಕ್ಕೆ 18 ತಂತಿಗಳಿದ್ದವು. ಅದರ ವೈಶಿಷ್ಟ್ಯವೇನೆಂದರೆ ಉಪಕರಣಗಳ ರಿಜಿಸ್ಟರುಗಳೆಂಬ ಸಣ್ಣ ಗೂಡುಗಳಿಗೆ ಸ್ಮೃತಿಯ ಮನೆಗಳ ಸಾಲಿನಲ್ಲಿಯೇ ವಿಳಾಸವನ್ನು ಕೊಟ್ಟರು. ಸ್ಮೃತಿಗೆ ಬರೆಯುವ ಆಜ್ಞೆಯಿಂದಲೇ ಮುದ್ರಣಯಂತ್ರವನ್ನೂ ನಡೆಯಿಸಬಹುದಾಯಿತು. ಬಸ್ಸು ಒಂದು ಕಂಪನಿಯದೇ ಆದರೂ ಅದರ ಲಕ್ಷಣವನ್ನು ಅವರು ಕೈಪಿಡಿಗಳಲ್ಲಿ ಅಚ್ಚುಹಾಕಿಸಿದರು. ಬೆಲ್ ಪ್ರಯೋಗಶಾಲೆಯ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಎಂಬವರು ‘ಯೂನಿಕ್ಸ್’ ಎಂಬ ಕಾರ್ಯವ್ಯವಸ್ಥೆಯನ್ನು ಈ ಯಂತ್ರಕ್ಕೆ ತಂದು, 1973ರಲ್ಲಿ ಅದರ ಕರ್ನಲನ್ನು ‘ಸಿ’ ಭಾಷೆಯಲ್ಲಿ ಪುನಃ ಬರೆದರು. ಉಪಕರಣಗಳನ್ನು ಕಡತಗಳಂತೆ ಕಾಣುವ ದೃಷ್ಟಿಯೂ, ಪ್ರತಿ ಉಪಕರಣದ ತೆರೆ-ಓದು-ಬರೆ-ಮುಚ್ಚುಗಳನ್ನು ಒಂದು ಕೋಷ್ಟಕದಲ್ಲಿ ಸಾಲಾಗಿ ಇಡುವ ಪದ್ಧತಿಯೂ ಅಲ್ಲಿ ನೆಲೆಗೊಂಡವು. ಶಬ್ದರೂಪಾವಳಿಯನ್ನು ಬಾಯಿಪಾಠ ಮಾಡಿದವನಿಗೆ ಆ ಕೋಷ್ಟಕವು ಹೊಸದಲ್ಲ.

ಈ ಸಂದರ್ಭದಲ್ಲಿ ಒಂದು ವ್ಯಾಖ್ಯಾನಗ್ರಂಥದ ಕಥೆಯನ್ನು ಹೇಳದೆ ಮುಂದುವರಿಯಲು ನನಗೆ ಮನಸ್ಸಿಲ್ಲ. ಆಸ್ಟ್ರೇಲಿಯೆಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕನಾಗಿದ್ದ ಜಾನ್ ಲಯನ್ಸ್ ಎಂಬವನು ಯೂನಿಕ್ಸಿನ ಆರನೆಯ ಆವೃತ್ತಿಯ ಕರ್ನಲನ್ನು, ಸುಮಾರು ಒಂಬತ್ತು ಸಾವಿರ ಸಾಲುಗಳ ಮೂಲವನ್ನು, ಸಾಲುಸಂಖ್ಯೆ ಹಾಕಿ ಕ್ರಮಪಡಿಸಿ, ಶಿಷ್ಯರಿಗಾಗಿ ಅದಕ್ಕೊಂದು ವ್ಯಾಖ್ಯಾನವನ್ನು ಬರೆದನು. ಮೂಲವೊಂದು ಪುಸ್ತಕ, ವ್ಯಾಖ್ಯಾನವೊಂದು ಪುಸ್ತಕ, 1977ರ ಮುದ್ರಣ. ತಟ್ಟೆಯ ಡ್ರೈವರ್, ಮುದ್ರಣಯಂತ್ರದ ಡ್ರೈವರ್, ಕಾಗದಪಟ್ಟಿಯ ಡ್ರೈವರ್, ಇವೆಲ್ಲಕ್ಕೂ ಅಲ್ಲಿ ಟೀಕೆಯುಂಟು. ಎರಡೇ ವರ್ಷಗಳಲ್ಲಿ ಏಳನೆಯ ಆವೃತ್ತಿ ಹೊರಬಿದ್ದಾಗ ಒಡೆತನದ ಕಂಪನಿಯು, ಮೂಲಪಾಠವನ್ನು ತರಗತಿಗಳಲ್ಲಿ ಪಾಠ ಹೇಳಕೂಡದೆಂದು ಪರವಾನಗಿಯಲ್ಲಿ ನಿರ್ಬಂಧಿಸಿತು. ಆಗ ಆ ವ್ಯಾಖ್ಯಾನವು ಜಗತ್ತಿನಾದ್ಯಂತ ಪ್ರತಿಯಿಂದ ಪ್ರತಿಯಾಗಿ, ಆ ಪ್ರತಿಯಿಂದ ಇನ್ನೊಂದಾಗಿ, ಅಕ್ಷರ ಮಸುಕಾಗುವವರೆಗೆ ನಕಲಾಗುತ್ತ ಹೋಯಿತು. 1996ರಲ್ಲಿ ಮಾತ್ರ ಅದು ರಾಜಮಾರ್ಗದಿಂದ ಅಚ್ಚಾಯಿತು. ಹಸ್ತಪ್ರತಿಗಳ ವಂಶವೃಕ್ಷವನ್ನು ಬಿಡಿಸುವ ನಮ್ಮ ಸಂಪಾದಕರಿಗೆ ಈ ಕಥೆ ಪರಿಚಿತವೆನಿಸದೆ ಇರದು. ಓಲೆಯ ಬದಲು ಛಾಯಾಪ್ರತಿ, ಲಿಪಿಕಾರನ ಬದಲು ವಿದ್ಯಾರ್ಥಿ, ಅಷ್ಟೇ ಭೇದ.

ಇದಕ್ಕೆ ಪ್ರತಿಯಾಗಿ ಇನ್ನೊಂದು ದೃಷ್ಟಾಂತ. 1987ರಲ್ಲಿ ಐಬಿಎಂ ಕಂಪನಿಯು ತನ್ನ ಹೊಸ ಸಣ್ಣ ಗಣಕಗಳಿಗಾಗಿ ‘ಮೈಕ್ರೋ ಚಾನೆಲ್’ ಎಂಬ ಬಸ್ಸನ್ನು ತಂದಿತು. ಹಳೆಯದಕ್ಕಿಂತ ವೇಗದಲ್ಲಿಯೂ ವ್ಯವಸ್ಥೆಯಲ್ಲಿಯೂ ಅದು ಶ್ರೇಷ್ಠವಾಗಿತ್ತೆಂಬದನ್ನು ಪ್ರತಿಸ್ಪರ್ಧಿಗಳೂ ಒಪ್ಪಿದರು. ಆದರೆ ಅದನ್ನು ಬಳಸಬೇಕಾದ ಅನ್ಯ ತಯಾರಕರು ಕಂಪನಿಗೆ ಗೌರವಧನ ಕೊಡಬೇಕಾಗಿತ್ತು. ಪ್ರತಿಯೊಂದು ಕಾರ್ಡಿಗೂ ಒಂದು ಅಂಕಿತಸಂಖ್ಯೆ. ಆ ಸಂಖ್ಯೆಯ ಅರ್ಥವನ್ನು ಹೇಳುವ ಕಡತವು ಕಾರ್ಡಿನೊಡನೆ ಬಂದ ಫ್ಲಾಪಿಯಲ್ಲಿ. ಫ್ಲಾಪಿ ಕಳೆದರೆ ಕಾರ್ಡು ಮೂಕ. 1988ರಲ್ಲಿ ಒಂಬತ್ತು ಕಂಪನಿಗಳು ಕೂಡಿ ಬೇರೊಂದು ಬಸ್ಸಿನ ಲಕ್ಷಣವನ್ನು ರಚಿಸಿಕೊಂಡವು; 1992ರಲ್ಲಿ ಇಂಟೆಲ್ ಕಂಪನಿಯ ‘ಪಿಸಿಐ’ ಬಂದಿತು, ಅದೇ ಲೋಕವ್ಯಾಪಿಯಾಯಿತು. ಮೈಕ್ರೋ ಚಾನೆಲ್ಲಿಗೆ ಲಿನಕ್ಸಿನಲ್ಲಿದ್ದ ಆಶ್ರಯವನ್ನು, ಬಳಸುವವರಾರೂ ಉಳಿಯಲಿಲ್ಲವೆಂದು, 2012ರಲ್ಲಿ ಕಿತ್ತುಹಾಕಿದರು. ಇಪ್ಪತ್ತೈದು ವರ್ಷಗಳ ಆಯುಷ್ಯ! ತಾಮ್ರಪಟಗಳನ್ನು ಓದುವ ನಮ್ಮ ಕಾಲಮಾನದಲ್ಲಿ ಅದೊಂದು ಕ್ಷಣ.

ಇಲ್ಲಿ ತಯಾರಕನ ಪಕ್ಷವನ್ನೂ ಹೇಳುವದು ನ್ಯಾಯ. ಇಂದು ಸಾರ್ವಜನಿಕವಾಗಿರುವ ಬಸ್ಸುಗಳೂ ಯಾರೋ ಒಬ್ಬರ ಮನೆಯಲ್ಲಿಯೇ ಹುಟ್ಟಿದವು. 1974ರ ‘ಮಲ್ಟಿಬಸ್’ ಇಂಟೆಲ್ಲಿನದು; 1981ರ ‘ವಿಎಂಇ’ ಬಸ್ ಮೊಟೊರೋಲಾ ಮೊದಲಾದವರದು; ಅವೆರಡೂ ಆಮೇಲೆ ವಿದ್ಯುದ್ವಿಜ್ಞಾನಿಗಳ ಸಂಸ್ಥೆಯ ಮಾನಕಗಳಾದವು. ಹೊಸದನ್ನು ಕಟ್ಟುವವನು ಮೊದಲು ತನ್ನ ಯಂತ್ರಕ್ಕೇ ಕಟ್ಟಬೇಕು, ಬೇರೆ ಗತಿಯಿಲ್ಲ. ಆದಕಾರಣ ದೋಷವು ಹುಟ್ಟಿನಲ್ಲಿಲ್ಲ. ಲಕ್ಷಣಗ್ರಂಥವನ್ನು ಹೊರಗೆ ಕೊಟ್ಟರೋ ಇಲ್ಲವೋ ಎಂಬಲ್ಲಿ ಮಾತ್ರ ಭೇದ. ಬಸ್ಸು ಯಾರದೇ ಇರಲಿ, ಅದರ ಲಕ್ಷಣವು ‘ಸರ್ವೇಭ್ಯಃ’ ಆಗಿದ್ದರೆ ಶಬ್ದದ ಚತುರ್ಥಿಯು ಸಾರ್ಥಕವಾಯಿತು.

ಕರ್ನಾಟಕದ ಕಡೆಗೆ ಬರೋಣ. 1986ರಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆಯಲ್ಲಿ ‘ಫ್ಲೋಸಾಲ್ವರ್’ ಎಂಬ ಸಮಾಂತರ ಗಣಕವನ್ನು ಕಟ್ಟಿದರು. ಇಂಟೆಲ್ಲಿನ 8086 ಮತ್ತು 8087 ಎಂಬ ಚಿಪ್ಪುಗಳುಳ್ಳ ಸಂಸ್ಕಾರಕಗಳನ್ನು ಕೂಡಿಸಿ, ದ್ರವಗತಿಯ ಸಮೀಕರಣಗಳನ್ನು ಅವುಗಳಿಗೆ ಹಂಚಿಕೊಟ್ಟರು. ಅನೇಕ ಸಂಸ್ಕಾರಕಗಳು ಕೂಡಿ ದುಡಿಯುವಾಗ ಒಬ್ಬರ ಮಾತಿನಲ್ಲಿ ಒಬ್ಬರು ಬಾಯಿ ಹಾಕದಂತೆ ಸರದಿಯನ್ನು ಕಾಯಿಸುವದು ಮುಖ್ಯ ತೊಡಕು. ವಾದಸಭೆಯಲ್ಲಿ ಮಧ್ಯಸ್ಥನಿಲ್ಲದಿದ್ದರೆ ಆಗುವ ಗದ್ದಲವನ್ನು ಕಂಡವರು ಇದನ್ನು ಊಹಿಸಬಲ್ಲರು.

ಇನ್ನೊಂದು ಯತ್ನವು ನಮ್ಮ ವಿಷಯಕ್ಕೆ ಹೆಚ್ಚು ಸಮೀಪವಾದುದು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಎಂಬ ಅಧ್ಯಾಪಕರೂ ಎನ್ಕೋರ್ ಎಂಬ ಬೆಂಗಳೂರಿನ ಕಂಪನಿಯವರೂ ಸೇರಿ ‘ಸಿಂಪ್ಯೂಟರ್’ ಎಂಬ ಅಂಗೈಯ ಗಣಕವನ್ನು ರೂಪಿಸಿ 2001ರಲ್ಲಿ ಲೋಕಕ್ಕೆ ತೋರಿಸಿದರು. ಅದರ ಹೃದಯವು ಸ್ಟ್ರಾಂಗ್‌ಆರ್ಮ್ ಎಂಬ ಚಿಪ್ಪು, ಕರ್ನಲು ಲಿನಕ್ಸ್. ಯಂತ್ರದ ವಿನ್ಯಾಸವನ್ನೇ ಒಂದು ಸಾರ್ವಜನಿಕ ಪರವಾನಗಿಯಡಿಯಲ್ಲಿ ಬಿಟ್ಟುಕೊಟ್ಟದ್ದು ಅವರ ಅಗ್ಗಳಿಕೆ. 2004ರಲ್ಲಿ ಭಾರತ್ ಇಲೆಕ್ಟ್ರಾನಿಕ್ಸ್ ಅದರ ಒಂದು ರೂಪವನ್ನು ತಯಾರಿಸಿತು. ಪೇಟೆಯಲ್ಲಿ ಅದು ನಿಲ್ಲಲಿಲ್ಲ. ಅದು ಬೇರೆ ವಿಚಾರ. ನಮಗೆ ಇಲ್ಲಿ ಪ್ರಕೃತವಾದದ್ದು ಸ್ಟ್ರಾಂಗ್‌ಆರ್ಮಿನ ವಂಶ. ಅದನ್ನು ಮೊದಲು ಮಾಡಿದವರು ಯೂನಿಬಸ್ಸಿನ ಆ ಡಿಜಿಟಲ್ ಕಂಪನಿಯವರೇ. ಅವರಿಂದ ಇಂಟೆಲ್ಲಿನ ಕೈಗೆ ಬಂದು ಕೆಲ ಕಾಲದಲ್ಲಿ ನಿಂತುಹೋಯಿತು. ಡಿಜಿಟಲ್ ಕಂಪನಿಯೂ 1998ರಲ್ಲಿ ಮಾರಾಟವಾಯಿತು. ಆ ಚಿಪ್ಪಿಗೆ ಎಸ್‌ಎ-1111 ಎಂಬ ಸಹಚರ ಚಿಪ್ಪೊಂದು ಇತ್ತು. ಅದರೊಳಗಿನ ಉಪಕರಣಗಳಿಗಾಗಿ ಲಿನಕ್ಸ್ ಕರ್ನಲಿನಲ್ಲಿ ಒಂದು ಪ್ರತ್ಯೇಕ ಬಸ್ಸನ್ನೇ ಘೋಷಿಸಿದ್ದಾರೆ. ತಯಾರಕನೊಬ್ಬನ ಬಸ್ಸಿಗೆ ಡ್ರೈವರನ್ನು ಬರೆಯುವದೆಂದರೆ ಇದೇ. ಮಾಡಿದವನು ಹೋದ ಮೇಲೂ ಆ ಪಾಠವು ಉಳಿದದ್ದಕ್ಕೆ ಕಾರಣವೆಂದರೆ ಚಿಪ್ಪಿನ ಲಕ್ಷಣವು ಅಚ್ಚಾಗಿತ್ತು, ಡ್ರೈವರಿನ ಮೂಲವು ಎಲ್ಲರ ಕಣ್ಣಿಗೆ ತೆರೆದಿತ್ತು.

ಹೀಗೆ ಬಸ್ಸನ್ನು ಘೋಷಿಸುವ ಪದ್ಧತಿಯು ಲಿನಕ್ಸಿಗೆ ವ್ಯವಸ್ಥಿತವಾಗಿ ಬಂದದ್ದು 2003ರ ಡಿಸೆಂಬರಿನಲ್ಲಿ ಹೊರಟ 2.6ನೆಯ ಆವೃತ್ತಿಯಲ್ಲಿ. ಅಲ್ಲಿ ಬಸ್, ಉಪಕರಣ, ಡ್ರೈವರ್ ಎಂದು ಮೂರು ಪದಾರ್ಥಗಳು. ಬಸ್ಸಿನ ಮೊದಲ ಕರ್ತವ್ಯವು ಹೊಂದಾಣಿಕೆ: ಈ ಉಪಕರಣಕ್ಕೆ ಈ ಡ್ರೈವರೋ ಅಲ್ಲವೋ ಎಂದು ನಿರ್ಣಯಿಸುವದು. ಹೊಂದಿದರೆ ಡ್ರೈವರು ಉಪಕರಣವನ್ನು ಪರೀಕ್ಷಿಸಿ ವಹಿಸಿಕೊಳ್ಳುತ್ತದೆ. ಉಪಕರಣವು ಹೋಗುವಾಗ ಬಿಟ್ಟುಕೊಡುತ್ತದೆ. ಪಿಸಿಐ ಬಸ್ಸಿನಲ್ಲಿ ಹೊಂದಾಣಿಕೆ ಸುಲಭ. ಏಕೆಂದರೆ ಅಲ್ಲಿ ಪ್ರತಿಯೊಂದು ಉಪಕರಣವೂ, ವಟುವು ಪ್ರವರ ಹೇಳಿ ಅಭಿವಾದನ ಮಾಡುವಂತೆ, ತಯಾರಕನ ಸಂಖ್ಯೆಯನ್ನೂ ತನ್ನ ಸಂಖ್ಯೆಯನ್ನೂ ಕೇಳಿದೊಡನೆ ಹೇಳುತ್ತದೆ. ಅಂದರೆ ಗೋತ್ರವೂ ನಾಮವೂ ದೊರೆತಂತೆ. ತಯಾರಕನ ಸ್ವಂತದ ಬಸ್ಸಿನಲ್ಲಿ ಎಷ್ಟೋ ವೇಳೆ ಪ್ರವರವೇ ಇರುವದಿಲ್ಲ. ಯಾವ ಗೂಡಿನಲ್ಲಿ ಯಾರಿದ್ದಾರೆಂಬದನ್ನು ಬರೆಯುವವನು ಬೇರೆ ಪ್ರಮಾಣದಿಂದ ತಿಳಿದು ಪಟ್ಟಿ ಮಾಡಿಕೊಡಬೇಕು.

ಗೂಡುಗಳ ಸ್ವಭಾವವೂ ವಿಚಿತ್ರ. ಕೆಲವನ್ನು ಓದಿದೊಡನೆ ಅದರೊಳಗಿನದು ಅಳಿಸಿಹೋಗುತ್ತದೆ. ಎರಡನೆಯ ಸಲ ನೋಡಿದರೆ ಶೂನ್ಯ. ಕೆಲವಕ್ಕೆ ಬರೆದದ್ದು ನಡುದಾರಿಯಲ್ಲಿ ತಂಗಿದ್ದು, ಮತ್ತೇನನ್ನಾದರೂ ಓದುವ ತನಕ ಮುಟ್ಟುವದೇ ಇಲ್ಲ. ಮೊದಲು ಬರೆದದ್ದು ಮೊದಲು ತಲುಪಬೇಕೆಂದಿದ್ದರೆ ಅದನ್ನು ಬೇರೆಯಾಗಿ ವಿಧಿಸಬೇಕು. ಉಪಕರಣವು ಕೆಲಸ ಮುಗಿಸಿ ಗಂಟೆ ಬಾರಿಸಿದಾಗ, ನಡೆಯುತ್ತಿದ್ದ ಕಾರ್ಯವನ್ನು ಅಲ್ಲಿಯೇ ನಿಲ್ಲಿಸಿ ಓಡಬೇಕು. ಆ ಹೊತ್ತಿನಲ್ಲಿ ಡ್ರೈವರು ನಿದ್ರಿಸಕೂಡದು. ಕರ್ನಲಿನೊಳಗೆ ಮಾಡಿದ ತಪ್ಪನ್ನು ತಿದ್ದುವವರಾರೂ ಮೇಲಿಲ್ಲವಾದುದರಿಂದ ಒಂದು ಪ್ರಮಾದದಿಂದ ಇಡೀ ಯಂತ್ರವೇ ಸ್ತಬ್ಧವಾಗುತ್ತದೆ. ಇನ್ನು ಸಂಖ್ಯೆಗಳ ದಿಕ್ಕು. ಶಾಸನಗಳ ಭೂತಸಂಖ್ಯೆಗಳಲ್ಲಿ ‘ರಸ-ಬಾಣ-ವೇದ’ ಎಂದರೆ 654 ಅಲ್ಲ, 456. ಏಕಸ್ಥಾನದಿಂದ ಮೊದಲಾಗಿ ಎಡಕ್ಕೆ ಸಾಗಬೇಕು. ಗಣಕಗಳಲ್ಲಿಯೂ ದೊಡ್ಡ ಸಂಖ್ಯೆಯನ್ನು ತುಂಡು ಮಾಡಿ ಇಡುವಾಗ ಕೆಲವರು ಕಿರಿಯ ತುಂಡನ್ನು ಮುಂದಿಡುತ್ತಾರೆ, ಕೆಲವರು ಹಿರಿಯದನ್ನು. ಪಿಡಿಪಿ-11ರಲ್ಲಿ ಎರಡೂ ಕ್ರಮಗಳು ಬೆರೆತು ಬರುತ್ತಿದ್ದ ಸಂದರ್ಭಗಳೂ ಉಂಟು. ಬಸ್ಸಿನದು ಒಂದು ಕ್ರಮ, ಯಂತ್ರದ್ದು ಇನ್ನೊಂದಾದರೆ ಡ್ರೈವರು ತಿರುವಿಕೊಳ್ಳಬೇಕು. ತಿಥಿನಿರ್ಣಯದಲ್ಲಿ ನಾವು ಪಟ್ಟ ಪಾಡೇ ಅವರದೂ ಆಗಿದೆ.

ಒಂದು ಬಸ್ಸಿನಿಂದ ಇನ್ನೊಂದಕ್ಕೆ ದಾಟಿಸುವ ಸೇತುವೆಯ ಚಿಪ್ಪುಗಳೂ ಉಂಟು. ನನ್ನ ಬಾಲ್ಯದಲ್ಲಿ ಲೋಂಡೆಯಿಂದ ಪುಣೆಗೆ ಹೋಗುವವರು ಮೀರಜದಲ್ಲಿ ಸಣ್ಣ ಹಳಿಯ ಗಾಡಿಯಿಂದಿಳಿದು ದೊಡ್ಡ ಹಳಿಯ ಗಾಡಿಯನ್ನು ಹತ್ತಬೇಕಾಗಿತ್ತು. ಗಂಟುಮೂಟೆಗಳನ್ನು ಹೊತ್ತು ಈ ಹಳಿಯಿಂದ ಆ ಹಳಿಗೆ ಓಡುತ್ತಿದ್ದ ಹಮಾಲನ ಕೆಲಸವೇ ಸೇತುವೆಯದು.

ಲಕ್ಷಣಗ್ರಂಥವು ದೊರೆಯದಿದ್ದಾಗ ಬರೆಯುವವನು ಮಾಡುವದೇನು? ಲಕ್ಷ್ಯದಿಂದ ಲಕ್ಷಣವನ್ನು ಊಹಿಸುತ್ತಾನೆ. ತಯಾರಕನ ಹಳೆಯ ಡ್ರೈವರು ನಡೆಯುತ್ತಿರುವಾಗ ತಂತಿಗಳಲ್ಲಿ ಹರಿಯುವ ಸಂಕೇತಗಳನ್ನು ಬರೆದಿಟ್ಟುಕೊಂಡು, ಇಂಥ ಆಜ್ಞೆಗೆ ಇಂಥ ಉತ್ತರವೆಂದು ಅನ್ವಯ-ವ್ಯತಿರೇಕಗಳಿಂದ ಗೊತ್ತುಮಾಡುತ್ತಾನೆ. ಇದನ್ನು ಕೆಲವರು ಕಳ್ಳತನವೆಂದು ಬಗೆಯುವದುಂಟು. ನನಗೆ ಹಾಗೆ ತೋರುವದಿಲ್ಲ. ವೈಯಾಕರಣನು ಯಾವಾಗಲೂ ಮಾಡುವದು ಇದನ್ನೇ ಅಲ್ಲವೆ? ಭಾಷೆಯ ಸೃಷ್ಟಿಕರ್ತನು ಬಂದು ಲಕ್ಷಣಗ್ರಂಥವನ್ನು ಯಾರ ಕೈಗೂ ಕೊಟ್ಟಿಲ್ಲ. ಹದಿಮೂರನೆಯ ಶತಕದ ಕೇಶಿರಾಜನು ಪೂರ್ವಕವಿಗಳ ಪ್ರಯೋಗಗಳನ್ನು ಆಯ್ದು ಆಯ್ದು ಶಬ್ದಮಣಿದರ್ಪಣವನ್ನು ಕಟ್ಟಿದನು. ನಮ್ಮ ಉತ್ತರ ಕನ್ನಡದ ಹಾಡುವಳ್ಳಿಯ ಜೈನಪೀಠದ ಪರಂಪರೆಯ ಭಟ್ಟಾಕಳಂಕದೇವನು 1604ರಲ್ಲಿ ಕರ್ಣಾಟಕ ಶಬ್ದಾನುಶಾಸನವನ್ನು 592 ಸಂಸ್ಕೃತ ಸೂತ್ರಗಳಲ್ಲಿ ರಚಿಸಿ, ತಾನೇ ವೃತ್ತಿಯನ್ನೂ ವ್ಯಾಖ್ಯಾನವನ್ನೂ ಬರೆದನು. ಪರಿಭಾಷೆ, ಸಂಜ್ಞೆ, ಅನುವೃತ್ತಿಗಳೆಂಬ ಸಿದ್ಧಸಾಮಗ್ರಿಯೆಲ್ಲ ಸಂಸ್ಕೃತವ್ಯಾಕರಣದ್ದು. ಅದಕ್ಕೆ ತಂದು ಹೊಂದಿಸಿದ ಪ್ರಕೃತಿ ಕನ್ನಡದ್ದು. ಕರ್ನಲಿಗೆ ಹೊಸ ಬಸ್ಸನ್ನು ಹೊಂದಿಸುವವನ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಉಪಮಾನವು ನನಗೆ ಹೊಳೆದಿಲ್ಲ. ಅವನು ವೃತ್ತಿಯನ್ನು ಬರೆಯದೆ ಹೋಗಿದ್ದರೆ ಆ ಸೂತ್ರಗಳಲ್ಲಿ ಎಷ್ಟನ್ನು ನಾವು ಬಿಡಿಸುತ್ತಿದ್ದೆವೋ!

ಇನ್ನು ನಾನು ಮಾತು ಕೊಟ್ಟ ನಿಮಿತ್ತ. ಜೋಯಿಡಾ ತಾಲೂಕಿನ ಒಂದು ಮನೆಯಲ್ಲಿ 112 ಗರಿಗಳ ಒಂದು ಓಲೆಯ ಕಟ್ಟು ಇತ್ತು: ಕನ್ನಡ ಲಿಪಿಯ ಸಂಸ್ಕೃತ, ನಡುನಡುವೆ ಕನ್ನಡ ಟೀಕೆ. ವರ್ಷಗಳ ಹಿಂದೆ ಬೇರೊಂದು ಊರಿನ ಸಂಸ್ಥೆಯೊಂದು ಅದನ್ನು ಒಯ್ದು ಯಂತ್ರದಿಂದ ಚಿತ್ರ ತೆಗೆದು ಹಿಂದಿರುಗಿಸಿತು. ಚಿತ್ರಗಳು ಆ ಯಂತ್ರದೊಡನೆ ಬಂದ ಸಂಗ್ರಹಪೆಟ್ಟಿಗೆಯಲ್ಲಿ. ಪೆಟ್ಟಿಗೆ ತಯಾರಕನ ಸ್ವಂತ ಬಸ್ಸಿನಲ್ಲಿ. ಬಸ್ಸು ಅವನದೇ ಕಾರ್ಡಿನ ಹಿಂದೆ. ಆಮೇಲೆ ಸಿಡಿಲಿನಿಂದ ಗಣಕವು ಸುಟ್ಟಿತು. ಹೊಸ ಗಣಕದಲ್ಲಿ ಹಳೆಯ ಡ್ರೈವರು ನಡೆಯಲಿಲ್ಲ. ತಯಾರಕನನ್ನು ಹುಡುಕಿದರೆ ಅವನ ಅಂಗಡಿಯೇ ಇರಲಿಲ್ಲ. ಅಷ್ಟರಲ್ಲಿ ಮನೆಯ ಅಟ್ಟದಲ್ಲಿ ಗೆದ್ದಲು ಬಂದು ಗರಿಗಳಲ್ಲಿ ಬಹುಪಾಲು ಹುಡಿಯಾಗಿದ್ದವು. ಗ್ರಂಥವು ಪೆಟ್ಟಿಗೆಯಲ್ಲಿದೆಯೆಂದು ಎಲ್ಲರಿಗೂ ಗೊತ್ತು; ಓದಲು ದಾರಿಯಿಲ್ಲ. ಮುಚ್ಚಿಟ್ಟ ಲಕ್ಷಣದಿಂದಾಗುವ ನಷ್ಟವು ಎಂಥದೆಂದು ನಾನು ಅಂದು ತಿಳಿದೆನು.

ಮುಂಡಗೋಡದ ಕಡೆಯ ಒಬ್ಬ ತರುಣನು, ಇಂಜಿನಿಯರಿಂಗ್ ಓದಿದವನು, ಈ ಸುದ್ದಿ ಕೇಳಿ ಬಂದನು. ಹುಬ್ಬಳ್ಳಿಯಲ್ಲಿ ಅದೇ ಜಾತಿಯ ಹಳೆಯ ಯಂತ್ರವೊಂದು ಇನ್ನೂ ನಡೆಯುತ್ತಿರುವದನ್ನು ಪತ್ತೆಹಚ್ಚಿ, ಸಂಕೇತಗಳನ್ನು ಅಳೆಯುವ ಉಪಕರಣವನ್ನು ಎರವಲು ತಂದು, ತಂತಿಗಳ ಮಾತನ್ನು ಬರೆದುಕೊಳ್ಳತೊಡಗಿದನು. ಒಂದು ಮಳೆಗಾಲವೂ ಒಂದು ಬೇಸಗೆಯೂ ಕಳೆದವು. ನಡುವೆ ಒಂದು ತಿಂಗಳು, ಪೆಟ್ಟಿಗೆಯು ಒಮ್ಮೆ ಉತ್ತರ ಕೊಟ್ಟು ಇನ್ನೊಮ್ಮೆ ಕೊಡದೆ ಅವನನ್ನು ಕಾಡಿತು. ಓದಿದರೆ ಅಳಿಸಿಹೋಗುವ ಗೂಡನ್ನು ಅವನು ಪರೀಕ್ಷೆಗೆಂದು ಎರಡು ಸಲ ಓದುತ್ತಿದ್ದನೆಂಬದು ಆಮೇಲೆ ಗೊತ್ತಾಯಿತು. ಕೊನೆಗೆ 112ರಲ್ಲಿ 97 ಗರಿಗಳ ಚಿತ್ರಗಳು ಹೊರಬಂದವು. ಉಳಿದ ಹದಿನೈದು ಪೆಟ್ಟಿಗೆಯ ತಟ್ಟೆಯಲ್ಲಿಯೇ ಕೆಟ್ಟಿದ್ದವು.

ಅವನು ಬರೆದ ಡ್ರೈವರಿನ ಪಾಠವನ್ನು ಕಾಗದದ ಮೇಲೆ ಅಚ್ಚುಮಾಡಿಸಿ ಕೊಡೆಂದು ಕೇಳಿದೆನು. ಓದುತ್ತ ಹೋದಾಗ, ಆರಂಭದಲ್ಲಿಯೇ ಒಂದು ಗೂಡಿಗೆ 90 ಎಂಬ ಸಂಖ್ಯೆಯನ್ನು ಬರೆಯುವ ಒಂದು ಸಾಲು ಕಂಡಿತು. ‘ಇದು ಏತಕ್ಕೆ, ತಮ್ಮಾ?’ ಎಂದೆನು. ‘ಗೊತ್ತಿಲ್ಲ ಶಾಸ್ತ್ರಿಗಳೆ. ಹಳೆಯ ಡ್ರೈವರು ಪ್ರತಿಸಲವೂ ಇದನ್ನು ಬರೆಯುತ್ತಿತ್ತು. ನಾನು ಬಿಟ್ಟು ನೋಡಿದೆ, ಪೆಟ್ಟಿಗೆ ಏಳಲೇ ಇಲ್ಲ’ ಎಂದನು. ಸಾಧಿಸಲಾಗದ ರೂಪವನ್ನು ಸಿದ್ಧವೆಂದೇ ಸೂತ್ರದಲ್ಲಿ ಪಠಿಸಿಬಿಡುವದಕ್ಕೆ ನಮ್ಮ ಶಾಸ್ತ್ರದಲ್ಲಿ ನಿಪಾತನವೆಂದು ಹೆಸರು. ಆ ಹಾಳೆಗಳನ್ನು ಉಳಿದ ಗರಿಗಳೊಡನೆ ಅದೇ ಮರದ ಹಲಗೆಗಳ ನಡುವೆ ಇಟ್ಟು ದಾರ ಕಟ್ಟಿದ್ದೇನೆ. ಆ ಸಾಲಿನ ಪಕ್ಕದಲ್ಲಿ ನನ್ನ ಕೈಯಿಂದ ‘ನಿಪಾತನಾತ್ ಸಾಧು’ ಎಂದು ಬರೆದಿದೆ.